ಬಿಟ್ಟು ಬಂದರೆ ಸಾಲದು, ಮಾತನಾಡಬೇಕು

2019ರ ನವೆಂಬರ್‌ನಲ್ಲಿ, ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ್ದನ್ನು ಪ್ರತಿಭಟಿಸಿ ಅನೇಕ ಭಾರತೀಯರು ಮಾಸ್ಟೊಡಾನ್ ಎಂಬ ಜಾಲಕ್ಕೆ ವಲಸೆ ಹೋದರು. 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ ಟ್ವಿಟರನ್ನು ಕೊಂಡಾಗ ಲೋಕದಾದ್ಯಂತ ಇನ್ನೂ ದೊಡ್ಡ ವಲಸೆ ನಡೆಯಿತು. ಎರಡೂ ಸಲ ಹೋದವರಲ್ಲಿ ಹಲವರು ಬೇಗನೆ ಮೌನವಾದರು.

2016ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈ ಜಾಲಕ್ಕೆ ಒಬ್ಬ ಒಡೆಯನಿಲ್ಲ. ಸಾವಿರಾರು ಸರ್ವರ್‌ಗಳು, ಒಂದೊಂದಕ್ಕೂ ತನ್ನದೇ ನಿಯಮ. ಆದರೂ ಒಂದರ ಸದಸ್ಯರು ಇನ್ನೊಂದರವರೊಡನೆ ಮಾತನಾಡಬಲ್ಲರು. ಬರೆದದ್ದು ಕಾಲಕ್ರಮದಲ್ಲಿ ಕಾಣುತ್ತದೆ. ಗದ್ದಲದ ಮಾತನ್ನೇ ಹೆಕ್ಕಿ ಮುಂದೊಡ್ಡುವ ಲೆಕ್ಕಾಚಾರವಿಲ್ಲ. ಆದ್ದರಿಂದ ಸುಮ್ಮನೆ ಕುಳಿತವರ ಮುಂದೆ ಜಾತ್ರೆ ನೆರೆಯದು. ಇತರರ ಮಾತಿಗೆ ಓಗೊಟ್ಟವರಿಗಷ್ಟೇ ಅಲ್ಲಿ ನೆರೆಹೊರೆ ದೊರೆಯುತ್ತದೆ.

ಮಲೆನಾಡಿಗೆ ಇದು ಹೊಸ ಪಾಠವಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯವರು ಮರಗಳನ್ನು ಅಪ್ಪಿಕೊಂಡು ಆರಂಭಿಸಿದ ಅಪ್ಪಿಕೋ ಚಳವಳಿ ಊರಿಂದೂರಿಗೆ ಹಬ್ಬಿದ್ದು ಪಾದಯಾತ್ರೆ, ಮಾತುಕತೆಗಳಿಂದ. ಇಂದು ಕಾಡಿನ ಸುದ್ದಿಯನ್ನೆಲ್ಲ ಒಂದೆರಡು ಕಂಪನಿಗಳ ಅಂಗಳದಲ್ಲಿಯೇ ಇಟ್ಟರೆ, ಬಾಗಿಲು ಮುಚ್ಚಿದ ದಿನ ಹೋರಾಟದ ದನಿಯೂ ದಾಖಲೆಯೂ ಒಟ್ಟಿಗೇ ಕಳೆದುಹೋಗುತ್ತವೆ.

ಸಣ್ಣ ಸರ್ವರ್‌ಗಳೂ ಹಣ, ಶ್ರಮಗಳ ಕೊರತೆಯಿಂದ ನಿಂತುಹೋಗಬಹುದು. ಊರ ಕೆರೆಯ ಹೂಳೆತ್ತುವ ಹೊಣೆ ಅದರ ನೀರುಣ್ಣುವವರದೇ ಆಗಿರುವಂತೆ, ಇವುಗಳನ್ನು ಉಳಿಸುವ ಹೊಣೆಯೂ ಬಳಸುವವರದೇ.

ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಮೊದಲ ದಿನವೇ ಘೋಷಣೆ ಕೂಗಬೇಕಾಗಿಲ್ಲ. ದೂರದ ಬೆಟ್ಟದವರೊಬ್ಬರು ನೀರಿನ ಬಗ್ಗೆ ಕೇಳಿದರೆ, ತಮ್ಮೂರಿನ ಹಳ್ಳ ಈ ವರ್ಷ ಯಾವ ತಿಂಗಳು ಬತ್ತಿತೆಂದು ತಿಳಿಸಲಿ. ಸಂವಾದ ಆರಂಭವಾಗುವುದು ಅಲ್ಲಿಂದಲೇ.