ಹಕ್ಕಿನ ಪಾಠ ಚಾರ್ಟಿಗೆ ಮುಗಿಯದಿರಲಿ

ಬೋಧನಾಭ್ಯಾಸದಲ್ಲಿ ಮಾನವ ಹಕ್ಕುಗಳ ಘಟಕ ಬಂದರೆ ನಮ್ಮ ಪ್ರಶಿಕ್ಷಣಾರ್ಥಿಗಳು ಹಕ್ಕುಗಳ ಪಟ್ಟಿಯನ್ನು ಚಾರ್ಟಿನಲ್ಲಿ ಬರೆದು ತೂಗುಹಾಕುತ್ತಾರೆ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಅಸ್ಪೃಶ್ಯತೆ ನಿಷೇಧಿಸುವ 17ನೇ ವಿಧಿಯೂ ಒಂದು ಅಂಕದ ಪ್ರಶ್ನೆಯಾಗಿಬಿಡುತ್ತದೆ.

ಮಾರಿಕುಪ್ಪಂ ಸೇರಿದ ಈ ಚಿನ್ನದ ಗಣಿ ಪ್ರದೇಶದಲ್ಲೇ 1966ರಲ್ಲಿ ಹುಟ್ಟಿದವರು ಬೆಜವಾಡ ವಿಲ್ಸನ್. ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ಕುಟುಂಬದವರು. ಅವರು ಒಣ ಶೌಚಾಲಯಗಳ ಛಾಯಾಚಿತ್ರ ತೆಗೆದರು, ಅಧಿಕಾರಿಗಳಿಗೆ ಪತ್ರ ಬರೆದರು. 1993ರಲ್ಲಿ ನಿಷೇಧ ಕಾಯ್ದೆ ಬಂದರೂ ಪದ್ಧತಿ ನಿಲ್ಲಲಿಲ್ಲ. ಅವರ ಸಫಾಯಿ ಕರ್ಮಚಾರಿ ಆಂದೋಲನ 2003ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೋಯಿತು. 1993ರಿಂದ ಒಳಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ತೀರ್ಪು ಬಂತು.

ನೋಡುವುದು, ದಾಖಲಿಸುವುದು, ಬರೆಯುವುದು, ಉತ್ತರ ಬರುವವರೆಗೆ ಬಿಡದೆ ಕೇಳುವುದು: ಪಾಠಯೋಜನೆಯ ಚಟುವಟಿಕೆಗಳು ಇವೇ ಆಗಲಿ. ಶಾಲೆಯ ನೀರು, ಶೌಚಾಲಯಗಳ ಸ್ಥಿತಿಯನ್ನು ಮಕ್ಕಳೇ ಗುರುತಿಸಿ ಪಂಚಾಯಿತಿಗೆ ಅರ್ಜಿ ಬರೆಯಲಿ. ಆದರೆ ಯಾವ ಮಗುವಿನ ಜಾತಿಯನ್ನೂ ಹೆತ್ತವರ ಕೆಲಸವನ್ನೂ ತರಗತಿಯಲ್ಲಿ ಕೇಳಬಾರದು.

ಹೋರಾಟ ಶಿಕ್ಷಕರ ಕೆಲಸವಲ್ಲ ಎನ್ನುವವರಿದ್ದಾರೆ. 2023ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಲದ ಗುಂಡಿಗೆ ಮಕ್ಕಳನ್ನೇ ಇಳಿಸಿದ್ದು ಬಯಲಾಯಿತು. ಅಲ್ಲಿಯೂ 17ನೇ ವಿಧಿಯ ಪಾಠ ಪಠ್ಯದಲ್ಲಿ ಇದ್ದೇ ಇತ್ತು. ಆದ್ದರಿಂದ ಮಾರ್ಗದರ್ಶಕರು ಪಾಠ ವೀಕ್ಷಿಸುವಾಗ ಚಾರ್ಟಿನ ಅಂದಕ್ಕಿಂತ ಮೊದಲು ಒಂದನ್ನು ಗಮನಿಸಲಿ: ಈ ಶಾಲೆಯಲ್ಲಿ ಪೊರಕೆ ಯಾರ ಕೈಯಲ್ಲಿದೆ?