ಕನಸು ಯಾರದು?

ಕನಸಿನಲ್ಲಿ ಹಾವು ಕಂಡರೆ ಮನೆಯ ಹಿರಿಯರು ಒಂದು ಅರ್ಥ ಹೇಳುತ್ತಾರೆ. ಫ್ರಾಯ್ಡ್ ಪಂಡಿತರ ಶಿಷ್ಯರು ಇನ್ನೊಂದು. ಆ ಎರಡನೆಯದು ಮಕ್ಕಳೂ ಓದುವ ಈ ಪತ್ರಿಕೆಗೆ ಬೇಡ! ಆದರೆ ನಿಘಂಟಿನಂತೆ ಅರ್ಥ ಕೊಡುವ ಕನಸಿನ ಪುಸ್ತಕಗಳನ್ನು ಫ್ರಾಯ್ಡರೇ ನೆಚ್ಚಲಿಲ್ಲ. ಕನಸು ಕಂಡವನಿಗೆ ಏನು ನೆನಪಾಗುತ್ತದೆಂದು ಕೇಳಿರಿ ಎಂದರು.

1929ರಲ್ಲಿ ಬುನ್ಯುಯೆಲ್ ಮತ್ತು ಡಾಲಿ ತಮ್ಮ ಎರಡು ಕನಸುಗಳಿಂದ ಒಂದು ಚಿತ್ರವನ್ನೇ ತೆಗೆದರು: ಚಂದ್ರನನ್ನು ಸೀಳುವ ಮೋಡ, ಇರುವೆ ಮುತ್ತಿದ ಕೈ. ಅದರ ಅರ್ಥಕ್ಕೆ ಇಂದಿಗೂ ಜಗಳ. ನಮಗೆ ಹತ್ತಿರವಾದದ್ದು ಪವನ್ ಕುಮಾರರು 2013ರಲ್ಲಿ ಜನರಿಂದಲೇ ಹಣ ಕೂಡಿಸಿ ತೆಗೆದ ‘ಲೂಸಿಯಾ’. (ನೋಡದವರು ನೋಡಿ ಬಂದು ಮುಂದೆ ಓದಿರಿ.)

ಥಿಯೇಟರಿನಲ್ಲಿ ಟಾರ್ಚು ಹಿಡಿದು ಸೀಟು ತೋರಿಸುವ ನಿಕ್ಕಿಗೆ ನಿದ್ದೆಯಿಲ್ಲ. ಮಾತ್ರೆ ನುಂಗಿ ಮಲಗಿದರೆ ತಾನೇ ದೊಡ್ಡ ನಟ. ಬಡವನ ಆಸೆ, ಸಹಜವೇ ಎಂದುಕೊಳ್ಳುತ್ತೇವೆ. ಕಡೆಗೆ ನೋಡಿದರೆ ಕಪ್ಪುಬಿಳುಪಿನ ನಟನೇ ನಿಜ. ಬಣ್ಣಬಣ್ಣದ ಟಾರ್ಚಿನ ಹುಡುಗ ಅವನ ಕನಸು! ನಟನ ಮ್ಯಾನೇಜರೇ ಕನಸಿನಲ್ಲಿ ಥಿಯೇಟರ್ ಮಾಲೀಕ. ಹಗಲು ಕಂಡ ಮುಖಗಳು ರಾತ್ರಿ ವೇಷ ಬದಲಿಸಿ ಬರುತ್ತವೆಂದು ಫ್ರಾಯ್ಡರು ಹೇಳಿದ್ದು ಇದನ್ನೇ. ಎಲ್ಲ ಇದ್ದವನು ಹಂಬಲಿಸಿದ್ದು ಯಾರೂ ಗುರುತಿಸದ ಬದುಕಿಗೆ.

ಹೈದರಾಬಾದಿಗೆ ಬಂದು ನೆಲೆಸಿದ ನಮಗೆ ಇದು ನಾಟುತ್ತದೆ. ಹಗಲೆಲ್ಲ ತೆಲುಗು, ಉರ್ದು, ಇಂಗ್ಲಿಷ್ ಫೈಲು. ರಾತ್ರಿ ಊರ ಬಾವಿಕಟ್ಟೆ, ಅಲ್ಲಿ ಎಲ್ಲರದೂ ಕನ್ನಡ. ಇದಕ್ಕೆ ನಿಘಂಟು ಬೇಕೆ?

ಮಕ್ಕಳ ಕನಸಿನ ಮಾತೇ ಬೇರೆ. ಮೊನ್ನೆ ನಮ್ಮ ಮಗಳ ಕನಸಿನಲ್ಲಿ ಅಜ್ಜಿ ಬಂದು ತೆಲುಗಿನಲ್ಲಿ ಮಾತಾಡಿದರಂತೆ. ನಮ್ಮ ತಾಯಿಯವರಿಗೆ ತೆಲುಗಿನ ಒಂದಕ್ಷರವೂ ಬಾರದು.