ಹಳೆಯ ಜೀಪಿಗೆ ವಯಸ್ಸೊಂದೇ ಅಳತೆಯೇ?

ಕರಿಕೆಯ ನಮ್ಮ ಮನೆಯ ಶೆಡ್ಡಿನಲ್ಲಿ ತಂದೆಯವರ ಕಾಲದ ವಿಲ್ಲಿಸ್ ಜೀಪೊಂದಿದೆ. ನಿವೃತ್ತಿಯ ಬಳಿಕ ಅದನ್ನು ಬಿಚ್ಚಿ, ತುಕ್ಕು ಕೆರೆದು, ಮತ್ತೆ ಜೋಡಿಸುತ್ತಿದ್ದೇನೆ. ಅಮೆರಿಕದ ಸೇನೆಗಾಗಿ ರೂಪುಗೊಂಡ ಈ ವಾಹನವನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಭಾರತದಲ್ಲೇ ಜೋಡಿಸತೊಡಗಿತು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲವಿದ್ದುದರಿಂದ ಕೊಡಗಿನ ತೋಟದ ದಾರಿಗಳಿಗೆ ಅದು ಒಗ್ಗಿಕೊಂಡಿತು.

2021ರ ಕೇಂದ್ರ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪ ಉಳಿಸಿಕೊಂಡ ವಾಹನವನ್ನು 20,000 ರೂಪಾಯಿ ತೆತ್ತು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಆದರೆ ಪ್ರದರ್ಶನ, ರ್‍ಯಾಲಿಯಂತಹ ಸಂದರ್ಭಗಳ ಹೊರತು ಅದು ರಸ್ತೆಗಿಳಿಯುವಂತಿಲ್ಲ. ನಗರದ ಸಂಗ್ರಾಹಕರಿಗೆ ಇದು ಮನ್ನಣೆ. ಭಾಗಮಂಡಲದ ಘಟ್ಟ ಹತ್ತಬೇಕಾದ ಜೀಪಿಗೆ ಗೃಹಬಂಧನ. ಸಾಮಾನ್ಯ ನೋಂದಣಿಯಲ್ಲೇ ಉಳಿಯೋಣವೆಂದರೆ, 15 ವರ್ಷ ಮೀರಿದ ಕಾರು, ಜೀಪುಗಳ ನವೀಕರಣ ಶುಲ್ಕವನ್ನು 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿಸಲಾಯಿತು.

ಹೊಗೆ, ಬ್ರೇಕುಗಳ ತಪಾಸಣೆ ಬೇಡವೆಂದಲ್ಲ. ಅದು ಕಟ್ಟುನಿಟ್ಟಾಗಿಯೇ ಇರಲಿ. ಆದರೆ ತಿಂಗಳಿಗೆ ಹತ್ತಾರು ಕಿಲೋಮೀಟರ್ ಮಾತ್ರ ಓಡುವ ವಾಹನಕ್ಕೆ ವಯಸ್ಸಿನ ದಂಡ ವಿಧಿಸುವುದು ಅರ್ಥಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ತೆರಿಗೆ ಬೀಳಬೇಕಾದುದು ಮಾಲಿನ್ಯದ ಮೇಲೆ. ಹಳೆಯದನ್ನು ದುರಸ್ತಿ ಮಾಡಬಲ್ಲ ಊರಿನ ಮೆಕ್ಯಾನಿಕ್ಕಿನ ಕೈಕೆಲಸವೂ ನಾಡಿನ ಬಂಡವಾಳವೇ. ಅದನ್ನು ಗುಜರಿಗೆ ಹಾಕುವ ಮುನ್ನ ಸರ್ಕಾರ ಮತ್ತೊಮ್ಮೆ ಯೋಚಿಸಲಿ.